ಮೂವತ್ತಾರು ಊರುಗಳ ಮುಸ್ಸಂಜೆ

ರೂಢಿಗವಸು ಕೈಗೇರಿದ ಕೂಡಲೇ ಮೊದಲು ತಣ್ಣಗೆ ಹತ್ತುತ್ತಿತ್ತು, ಆಮೇಲೆ ಬೆಚ್ಚಗಾಗುತ್ತಿತ್ತು. ಕಪ್ಪತಗುಡ್ಡದ ಬುಡದ ಆ ತರಬೇತಿ ಶಾಲೆಯಲ್ಲಿ ಮೂವತ್ತಾರು ಮಂದಿ ಸಾಲಾಗಿ ಕುಳಿತು ಗವಸು ತೊಟ್ಟುಕೊಂಡಿದ್ದರು. ಅವರ ಮುಂದೆ ಮೂವತ್ತಾರು ಪರದೆಗಳು. ಎಲ್ಲರ ಎದುರಿಗೆ ಒಂದು ಮರದ ಕುರ್ಚಿಯ ಮೇಲೆ ಫಕ್ಕೀರಪ್ಪ ಹಡಪದ ಕುಳಿತಿದ್ದ. ಅವನಿಗೆ ಅರವತ್ತೆಂಟು ವರ್ಷ. ತಲೆಗೆ ರುಮಾಲು, ಹಣೆಗೆ ಒಂದು ಪಟ್ಟಿ, ಎರಡೂ ಕೈಗೆ ಗವಸು.

ಫಕ್ಕೀರಪ್ಪ ಮಾತಾಡುತ್ತಿರಲಿಲ್ಲ. ಪಾಠ ಹೇಳುವವನು ಬಾಯಿ ತೆರೆಯದ ಶಾಲೆ ಆ ಸೀಮೆಯಲ್ಲಿ ಅದೊಂದೇ. ಅವನ ಪರದೆಯ ಮೇಲೆ ಯಾರೋ ಕನ್ನಗಾರ ಸುಳ್ಳು ಹೆಸರು ಹೇಳಿಕೊಂಡು ಸರ್ವರಿನೊಳಗೆ ನುಸುಳಲು ನೋಡುವನು. ಫಕ್ಕೀರಪ್ಪನ ಬಲಗೈ ಬುದ್ಧಿಗಿಂತ ಮೊದಲೇ ಎದ್ದು ಮೂರು ಕೀಲಿ ಒತ್ತುವುದು. ಅದೇ ಗಳಿಗೆಗೆ ಮೂವತ್ತಾರು ಬಲಗೈಗಳು ಎದ್ದು ಅವೇ ಮೂರು ಕೀಲಿ ಒತ್ತುವವು. ನೇಕಾರರ ಓಣಿಯಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಲಾಳಿ ಎಸೆದ ಹಾಗೆ ಒಂದು ಸಪ್ಪಳ, ಮತ್ತೆ ಮೌನ.

ಆ ಕಾಲಕ್ಕೆ ಊರೂರಿನ ಆಸ್ಪತ್ರೆಗಳ ಕಡತಗಳೆಲ್ಲ ಸರ್ವರುಗಳೊಳಗೆ ಹೋಗಿ ಕುಳಿತಿದ್ದವು. ಯಾರ ಮೈಯಲ್ಲಿ ಯಾವ ಗುಂಪಿನ ರಕ್ತ, ಯಾರಿಗೆ ಯಾವ ಮದ್ದು ಒಗ್ಗುವುದಿಲ್ಲ, ಯಾವ ಕೂಸಿಗೆ ಯಾವ ಚುಚ್ಚುಮದ್ದು ಆಗಿದೆ, ಎಲ್ಲಾ ಅಲ್ಲೇ. ಸರ್ವರೆಂದರೆ ಸಾವಿರಾರು ಬಾಗಿಲುಗಳ ವಾಡೆ ಎಂದು ತಿಳಿಯಬೇಕು. ಬೇಕಾದ ಬಾಗಿಲನ್ನು ಬೇಕಾದ ಹೊತ್ತಿಗೆ ತೆಗೆದು, ಕೆಲಸ ಮುಗಿದ ಕೂಡಲೇ ಮುಚ್ಚುವವನೇ ನಿರ್ವಾಹಕ. ಮುಚ್ಚುವುದು ಮರೆತರೆ ಕನ್ನಗಾರ ಒಳಗೆ. ಪುಸ್ತಕ ಓದಿ ಪಾಸಾದ ನಿರ್ವಾಹಕರಿಗೆ ನಿಯಮ ಬಾಯಿಪಾಠವಿರುತ್ತಿತ್ತು. ಆದರೆ ಅವರು ನಿಯಮ ನೆನಪಿಸಿಕೊಳ್ಳುವಷ್ಟರಲ್ಲಿ ಕಳ್ಳ ಬಂದು ಹೋಗಿಯೂ ಆಗಿರುತ್ತಿತ್ತು. ಕೈ ತಾನಾಗಿ ಏಳಬೇಕು. ಅಂಥ ಕೈ ಬರಲು ಇಪ್ಪತ್ತು ಮೂವತ್ತು ವರ್ಷ ಬೇಕು.

ಅಷ್ಟು ವರ್ಷವನ್ನು ನಲವತ್ತು ದಿನಕ್ಕೆ ಇಳಿಸಿದವರು ಡಾಕ್ಟರ್ ಶಾಲ್ಮಲಾ ಇನಾಮದಾರ. ಕೈ ಅಲುಗುವ ಮೊದಲು ಮಿದುಳಿನಲ್ಲಿ ಒಂದು ಸಣ್ಣ ಮಿಂಚು ಹರಿಯುತ್ತದೆ. ಹಣೆಯ ಪಟ್ಟಿ ಆ ಮಿಂಚನ್ನು ಹಿಡಿಯುತ್ತದೆ. ಅದು ಬೆರಳಿಗೆ ಇಳಿದು ಬಂದ ದಾರಿಯನ್ನು ಗವಸು ಹಿಡಿಯುತ್ತದೆ. ಹಿಡಿದದ್ದನ್ನು ಇನ್ನೊಬ್ಬರ ಕೈಯಲ್ಲಿ ದಿನಕ್ಕೊಂದಿಷ್ಟು ತಿದ್ದುತ್ತ ಹೋದರೆ, ಮಣ್ಣಿನ ಮೇಲೆ ಅಕ್ಷರ ತಿದ್ದಿದ ಕೂಸಿಗೆ ಅಕ್ಷರ ಬಂದ ಹಾಗೆ, ಆ ಕೈಗೂ ರೂಢಿ ಬರುತ್ತದೆ. ಇದಕ್ಕೆ ಅವರು ಕೈರೂಢಿ ವರ್ಗಾವಣೆ ಎಂದು ಹೆಸರಿಟ್ಟಿದ್ದರು.

ಫಕ್ಕೀರಪ್ಪ ಓದಿದ್ದು ನಾಲ್ಕನೇ ಇಯತ್ತೆ. ಸರ್ವರ್ ಕೇಂದ್ರಕ್ಕೆ ಅವನು ಬಂದದ್ದು ಯಂತ್ರ ತಂಪು ಮಾಡುವ ತೊಟ್ಟಿಗಳಿಗೆ ನೀರು ತುಂಬಲು. ನೀರು ತುಂಬುತ್ತ ಯಂತ್ರಗಳ ಸದ್ದು ಕೇಳಿದ, ಸದ್ದು ಕೇಳುತ್ತ ಅವುಗಳ ಸ್ವಭಾವ ತಿಳಿದ. ಮೂವತ್ತೊಂದು ವರ್ಷಕ್ಕೆ ಹನ್ನೊಂದು ಜಿಲ್ಲೆಯ ಸರ್ವರುಗಳು ಅವನ ಕೈಯಲ್ಲಿದ್ದವು. ಶಾಲ್ಮಲಾ ಅವನನ್ನು ಮೊದಲ ಸಲ ಕಂಡಾಗ ಕೇಳಿದ್ದರು:

“ಆ ಮೂಲಿ ಮಿಷನ್ ಕೆಡ್ತದ ಅಂತ ನಿಮಗ ಹೆಂಗ ಗೊತ್ತಾತು, ಅಜ್ಜಾರ?”

“ನಿನ್ನಿಯಿಂದ ಕೆಮ್ಮಾಕತ್ತಿತ್ತಲ್ರಿ, ಅಕ್ಕಾರ.”

ಅಕ್ಕಾರ ನಕ್ಕು ಕಂಪ್ಯೂಟರಿನಲ್ಲಿ ನೋಡಿದರು. ಕೆಮ್ಮಿನ ಗುರುತು ಅಲ್ಲಿ ಮೂರು ದಿನದ ಮೇಲೆ ಕಾಣಿಸಿತು. ನಗು ನಿಂತಿತು. ಗವಸಿನ ವಿಷಯ ತೆಗೆದರು.

“ಕೈಗೆ ತನ್ನದ ಒಂದು ನೆನಪಿರ್ತದ, ಅಜ್ಜಾರ. ನೀವು ಧೋತರ ಉಡುವಾಗ ಯೋಚನೆ ಮಾಡ್ತೀರೇನು?”

“ಯೋಚನಿ ಮಾಡಿ ಉಟ್ರ ನಡುದಾರ್ಯಾಗ ಕಳಚಿ ಬೀಳ್ತೈತ್ರಿ.”

“ಅಷ್ಟ ನೋಡ್ರಿ. ಆ ನೆನಪನ್ನ ಗವಸು ತಗೊಂಡು ಇನ್ನೊಬ್ಬರ ಕೈಗೆ ಕೊಡ್ತದ.”

ಫಕ್ಕೀರಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. “ಕೈಯಾಗಿಂದಷ್ಟ ಹೋಕ್ಕೈತೋ, ಕೈ ಹಿಂದ ಇದ್ದದ್ದೂ ಹೋಕ್ಕೈತೋ?”

“ಕೈಯಾಗಿಂದಷ್ಟ,” ಎಂದರು ಅಕ್ಕಾರ. ಸುಳ್ಳು ಹೇಳಲಿಲ್ಲ, ಅವರು ಹಾಗೇ ತಿಳಿದಿದ್ದರು.

ನಲವತ್ತು ದಿನ ಮುಗಿದ ಮೇಲೆ ಮೂವತ್ತಾರು ಮಂದಿ ಮೂವತ್ತಾರು ಊರುಗಳ ಆಸ್ಪತ್ರೆ ಸರ್ವರುಗಳನ್ನು ಕಾಯಲು ಹೋದರು. ಪಾಠ ಅಲ್ಲಿಗೆ ಮುಗಿಯಲಿಲ್ಲ. ಕನ್ನಗಾರರು ವಾರಕ್ಕೊಂದು ಹೊಸ ಆಟ ಹೂಡುವವರು. ಆದ್ದರಿಂದ ಪ್ರತಿ ಸೋಮವಾರ ಎಲ್ಲರೂ ಇದ್ದಲ್ಲಿಂದಲೇ ಗವಸು ತೊಡುತ್ತಿದ್ದರು. ಫಕ್ಕೀರಪ್ಪನ ಕೈ ಆ ವಾರ ಕಲಿತದ್ದು ಅವರ ಕೈಗೂ ಇಳಿಯುತ್ತಿತ್ತು. ಆರು ತಿಂಗಳು ಒಂದು ಕಳವೂ ಆಗಲಿಲ್ಲ.

ಏಳನೆಯ ತಿಂಗಳ ಕೊನೆಗೆ ಅನ್ನಪೂರ್ಣಿ ಬಾರಕೇರ ಬಂದಳು. ಹೊಳೆದಂಡೆಯ ಒಂದು ಊರಿನ ಆಸ್ಪತ್ರೆ ಅವಳ ವಶದಲ್ಲಿತ್ತು. ತರಬೇತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ, ಮಾತಿಗೆ ಮೊದಲು ನಗುವ ಹುಡುಗಿ. ಅಂದು ನಗಲಿಲ್ಲ. ಡಾಕ್ಟರ ಕೋಣೆಗೂ ಹೋಗದೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಫಕ್ಕೀರಪ್ಪನ ಹತ್ತಿರ ಬಂದು ಕುಳಿತಳು.

“ಯಾಕವ್ವಾ, ಮಾರಿ ಇಷ್ಟಾಗೈತಿ? ಅಲ್ಲೇನು ಊಟ ಹಾಕಂಗಿಲ್ಲೇನು?”

“ಅಜ್ಜಾ, ನಗಬ್ಯಾಡ ಮತ್ತ. ನನ್ನ ಸರ್ವರಿಗೆ ದಿನಾ ಸಂಜಿಮುಂದ ಯಾರೋ ಬರ್ತಾರ.”

“ಕಳ್ಳರು?”

“ಕಳ್ಳರಾದ್ರ ನಾನೇ ಹಿಡಿತಿದ್ನೆಲ್ಲ. ಇವರು ಏನೂ ಮುಟ್ಟಂಗಿಲ್ಲ. ಬರ್ತಾರ, ಹೊಸ್ತಿಲದಾಗ ನಿಂತಂಗ ಒಂದೀಟು ಹೊತ್ತು ನಿಂದರ್ತಾರ, ಹೋಗ್ತಾರ. ಏಳು ಹೊಡದು ಒಂಬತ್ತು ನಿಮಿಷಕ್ಕ. ಒಂದ ದಿನಾನೂ ತಪ್ಪಂಗಿಲ್ಲ.” ಅವಳು ದನಿ ತಗ್ಗಿಸಿದಳು. “ಉಳಿದವ್ರಿಗೆ ಫೋನ್ ಮಾಡಿ ಕೇಳಿದೆ. ಮೂವತ್ತಾರು ಊರಿಗೂ ಬರ್ತಾರಂತಜ್ಜಾ. ಹೇಳಿದ್ರ ಹುಚ್ಚರು ಅಂದಾರಂತ ಎಲ್ಲಾರೂ ಬಾಯಿ ಮುಚಗೊಂಡಾರ.”

“ಹೆಸರು ಏನಂತ ಬರ್ತೈತಿ?”

“ಮೌಲಾ.”

ಫಕ್ಕೀರಪ್ಪನ ಬೆರಳಲ್ಲಿದ್ದ ಸುಣ್ಣ ಎಲೆಗೆ ಹತ್ತಲಿಲ್ಲ.  ಅದು ಹೆದರಿಕೆಯಲ್ಲ, ದುಃಖವೂ ಅಲ್ಲ, ಹೊಟ್ಟೆಕಿಚ್ಚು. ಇಷ್ಟು ವರ್ಷ ನನ್ನ ಹತ್ತಿರ ಮಾತ್ರ ಬರುತ್ತಾನೆ ಎಂದುಕೊಂಡಿದ್ದೆನಲ್ಲ, ಈ ಪರಿಚಯವಿಲ್ಲದ ಹುಡುಗರ ಮನೆಗಳಿಗೆ ಏಕೆ ಹೋದ?

ಮೌಲಾಸಾಬ ನದಾಫ ಹೊಳೆಕಟ್ಟಿಯ ನೀರಳತೆ ಠಾಣೆಯಲ್ಲಿದ್ದವನು. ಹೊಳೆಯ ನಡುಗಡ್ಡೆಯ ಮೇಲೆ ಒಂಟಿ ಕೋಣೆ, ಅದರೊಳಗೆ ಒಬ್ಬನೇ. ದಿನವೂ ಸಂಜೆ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಫಕ್ಕೀರಪ್ಪನ ಸರ್ವರಿಗೆ ಕಳಿಸುವುದು ಅವನ ಕೆಲಸ. ಅವನಿಗಾಗಿ ಒಂದು ಬಾಗಿಲು ಏಳರವರೆಗೆ ತೆರೆದಿರುತ್ತಿತ್ತು. ಚಳಿಗಾಲದಲ್ಲಿ ಸರಿಯಾದ ಹೊತ್ತಿಗೆ ಬರುವನು. ಮಳೆಗಾಲದಲ್ಲಿ ಹೊತ್ತು ಮುಳುಗುವುದೇ ತಡ, ಅದರ ಹಿಂದೆ ಅವನ ನಮಾಜೂ ತಡ, ಏಳು ದಾಟಿ ಎಂಟೋ ಒಂಬತ್ತೋ ನಿಮಿಷವಾಗುವುದು. ನಿಯಮದ ಪ್ರಕಾರ ಎಲ್ಲ ಸರ್ವರುಗಳಲ್ಲೂ ಏಳಕ್ಕೆ ಹೊರಗಿನವರ ಬಾಗಿಲು ಮುಚ್ಚಬೇಕು. ಫಕ್ಕೀರಪ್ಪ ಮುಚ್ಚುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಹಾಕಬಾರದು, ಲಕ್ಷ್ಮಿ ಬರುವ ಹೊತ್ತು ಎಂದು ಅವನ ಅವ್ವ ಹೇಳಿ ಹೇಳಿ ಬೆಳೆಸಿದ್ದಳು. ಮೈಗೆ ಹತ್ತಿದ ಮಾತು. ಇದನ್ನು ತಿಳಿದ ಮೌಲಾಸಾಬ ನೀರಿನ ಅಳತೆಯ ಕೆಳಗೆ ದಿನಕ್ಕೊಂದು ಚೇಷ್ಟೆ ಬರೆಯುತ್ತಿದ್ದ: “ಇವತ್ತೂ ನಿಮ್ಮ ಲಕ್ಷ್ಮಿ ಬರಲಿಲ್ಲ, ಗಡ್ಡದವನ ಬಂದೀನಿ, ನೋಡಕೋ.” ಹದಿನಾಲ್ಕು ವರ್ಷದಲ್ಲಿ ಅವರು ಮುಖಾಮುಖಿ ಕೂಡಿದ್ದು ಐದೇ ಸಲ. ಆದರೂ ಒಬ್ಬರ ಮನೆಯ ಎಮ್ಮೆ ಈದರೆ ಇನ್ನೊಬ್ಬರಿಗೆ ಅಂದೇ ಗೊತ್ತಾಗುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಒಂದು ಶ್ರಾವಣದಲ್ಲಿ, ರಾಜಧಾನಿಯಿಂದ ತಪಾಸಣೆಯ ಸಾಹೇಬರು ಬಂದರು. ಸಂಜೆ ಏಳು ಹೊಡೆಯುವಾಗ ಅವರು ಫಕ್ಕೀರಪ್ಪನ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಫಕ್ಕೀರಪ್ಪ ಏಳಕ್ಕೆ ಸರಿಯಾಗಿ ಬಾಗಿಲು ಮುಚ್ಚಿದ. ಸಾಹೇಬರು “ಭೇಷ್” ಎಂದು ಚಹಾಕ್ಕೆ ಕರೆದುಕೊಂಡು ಹೋದರು. ಮರಳಿ ಬಂದು ಬಂದುಹೋದವರ ಲಾಗ್ ನೋಡಿದರೆ ಏಳು ಒಂಬತ್ತಕ್ಕೆ ಮೌಲಾ ಬಾಗಿಲು ತಟ್ಟಿದ್ದ. ಹತ್ತಕ್ಕೆ ಮತ್ತೆ. ಹನ್ನೆರಡಕ್ಕೆ ಮತ್ತೆ. ಹದಿನೈದಕ್ಕೆ ಮತ್ತೆ. ನಾಲ್ಕು ಸಲ. ಆಮೇಲೆ ಇಲ್ಲ. ಮೇಲಿನ ಕಟ್ಟೆ ಒಡೆದು ನೀರು ಬಂದಿತ್ತು. ಎಂಟು ಗಂಟೆಗೆ ಠಾಣೆಯೇ ಇರಲಿಲ್ಲ. ಮಾತು ಮುಟ್ಟಿದ್ದರೆ ಇತ್ತಣ ದಂಡೆಯಲ್ಲಿ ದೋಣಿ ಇತ್ತು, ಅಂಬಿಗರಿದ್ದರು. ಹೆಣವೂ ಸಿಗಲಿಲ್ಲ.

ಅಂದಿನಿಂದ ಫಕ್ಕೀರಪ್ಪನ ಕೈ ಏಳಕ್ಕೆ ಬಾಗಿಲು ಮುಚ್ಚಿಲ್ಲ. ಏಳೂವರೆಗೆ ಮುಚ್ಚುತ್ತದೆ. ಮೌಲಾ ಎಂಬ ಹೆಸರನ್ನು ಪಟ್ಟಿಯಿಂದ ಅಳಿಸಬೇಕಿತ್ತು, ಅಳಿಸಲಿಲ್ಲ. ಮತ್ತೆ, ಪ್ರವಾಹ ಕಳೆದು ನಲವತ್ತನೇ ದಿನ, ಏಳು ಒಂಬತ್ತಕ್ಕೆ, ಆ ಹೆಸರು ಪರದೆಯ ಮೇಲೆ ಬಂತು. ಬಂದು ನಿಂತಿತು. ಹೋಯಿತು. ಮರುದಿನವೂ ಬಂತು. ಹೇಗೆ ಬಂದೆ ಎಂದು ಫಕ್ಕೀರಪ್ಪ ಕೇಳಲಿಲ್ಲ. ಬಂದವನನ್ನು ಹಾಗೆಲ್ಲ ಕೇಳಬಾರದು. ಹನ್ನೊಂದು ವರ್ಷ ಯಾರಿಗೂ ಹೇಳಲೂ ಇಲ್ಲ.

ಈಗ ಅವನು ಅನ್ನಪೂರ್ಣಿಗೆ ಹೇಳಿದ್ದು ಇಷ್ಟೇ: “ಸಂಜಿತನಕಾ ಇರು. ನನ್ನ ಕಡೆನೂ ಬರ್ತಾನ. ಕಣ್ಣಿಲೆ ನೋಡಿ ಹೋಗು.”

ಸಂಜೆ ಇಬ್ಬರೂ ಪರದೆಗಳ ಮುಂದೆ ಕುಳಿತರು. ಅವಳ ಆಸ್ಪತ್ರೆಯ ಸರ್ವರನ್ನೂ ಇಲ್ಲಿಂದಲೇ ಕಾಣುವ ಹಾಗೆ ಮಾಡಿಕೊಂಡಿದ್ದಳು. ಹೊರಗೆ ಗುಡ್ಡದ ಮೇಲಿನ ಗಾಳಿಗಿರಣಿಗಳ ರೆಕ್ಕೆಗಳು ಕೆಂಪಗೆ ತಿರುಗುತ್ತಿದ್ದವು. ಏಳಾಯಿತು. ಫಕ್ಕೀರಪ್ಪನ ಬಲಗೈ ಕೀಲಿಯ ಹತ್ತಿರ ಹೋಗಿ ಒತ್ತದೆ ಹಾಗೇ ನಿಂತಿತು. ಅನ್ನಪೂರ್ಣಿಯ ಬಲಗೈಯೂ ನಿಂತಿತು. ಏಳು ಐದು. ಏಳು ಎಂಟು. ಏಳು ಒಂಬತ್ತು.

“ಬಂದ ನೋಡು,” ಎಂದು ಫಕ್ಕೀರಪ್ಪ ಪಿಸುಗುಟ್ಟಿದ. ಮುಖದಲ್ಲಿ ನೆಂಟರು ಬಂದಾಗಿನ ಕಳೆ. “ಬಂದ. ಕಾಣತೈತಿಲ್ಲೋ?”

 ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಫಕ್ಕೀರಪ್ಪನ ತೊಡೆಯ ಮೇಲೆ ನೋಡುತ್ತಿದ್ದಳು. ಅಲ್ಲಿ ಅವನ ಎಡಗೈ, ಧೋತರದ ಮಡಿಕೆಯಲ್ಲಿ ಅರ್ಧ ಮರೆಯಾಗಿ, ಸಣ್ಣ ಫೋನನ್ನು ಹಿಡಿದಿತ್ತು. ಹೆಬ್ಬೆರಳು ಕೊನೆಯ ಅಕ್ಷರ ಒತ್ತಿ ಮೆಲ್ಲಗೆ ಮೇಲೇಳುತ್ತಿತ್ತು.

“ಅಜ್ಜಾ,” ಎಂದಳು. “ನಿನ್ನ ಎಡಗೈ.”

ಫಕ್ಕೀರಪ್ಪ ಕೆಳಗೆ ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಅನ್ನಪೂರ್ಣಿಗೆ ತನ್ನ ಮಡಿಲು ನೋಡಿಕೊಳ್ಳದೆ ಇರಲಾಗಲಿಲ್ಲ. ಅವಳ ಎಡಗೈಯಲ್ಲೂ ಫೋನಿತ್ತು. ಅದರ ಮೇಲೆ ಅವಳು ಎಂದೂ ಕಾಣದ ಮನುಷ್ಯನ ಹೆಸರಿತ್ತು.

ಅವಳು ಚೀರಲಿಲ್ಲ. ಫೋನನ್ನು ನೆಲದ ಮೇಲಿಟ್ಟು, ಎಡಗೈಯನ್ನು ಸೆರಗಿನಲ್ಲಿ ಸುತ್ತಿ, ಸುಟ್ಟ ಕೂಸನ್ನು ಹಿಡಿದ ಹಾಗೆ ಬಲಗೈಯಿಂದ ಹಿಡಿದುಕೊಂಡಳು.

ಮರುದಿನ ಡಾಕ್ಟರ ಕೋಣೆಯಲ್ಲಿ ಫಕ್ಕೀರಪ್ಪ ಮೊದಲ ಸಲ ಬಾಯಿಬಿಟ್ಟು ಎಲ್ಲಾ ಹೇಳಿದ. ಅನ್ನಪೂರ್ಣಿ ಗೋಡೆಗೆ ಒರಗಿ ನಿಂತು ಕೇಳಿದಳು. ಶಾಲ್ಮಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನ ತಪ್ಪಿದೆ, ಅಜ್ಜಾರ. ಕೈಯಾಗಿಂದಷ್ಟ ಬರ್ತದ ಅಂದಿದ್ದೆ. ನಿಮ್ಮ ಬಲಗೈ ಬಾಗಲಾ ತಗಿತದ, ಎಡಗೈ ಬಂದು ತಟ್ಟತದ. ಬಲಗೈಗೆ ಎಡಗೈ ಸುದ್ದಿ ಗೊತ್ತಿಲ್ಲ. ಗವಸಿಗೆ ಎರಡೂ ಗೊತ್ತಿತ್ತು. ಎರಡನ್ನೂ ಕಲಿಸಿಬಿಟ್ಟದ.”

“ಹಂಗಾರ ಅಂವ ಬರ್ತಿದ್ದಿಲ್ಲ?”

ಡಾಕ್ಟರು ಅವನ ಎಡಗೈಯ ಕಡೆಗೆ ನೋಡಿದರು.

“ನನ್ನ ಕೈಯ ಇರಲಿ ಬಿಡ್ರಿ, ಅಕ್ಕಾರ,” ಎಂದ ಫಕ್ಕೀರಪ್ಪ. “ಬರಾಕ ಅವಗ ಬ್ಯಾರೆ ಕೈ ಎಲ್ಲೈತಿ? ಇದ್ದದ್ದು ಹೊಳಿ ಒಯ್ತು.”

“ಅದು ನಿಮ್ಮೊಬ್ಬರದ ಆಗಿದ್ರ ನಾ ಏನೂ ಅಂತಿದ್ದಿಲ್ಲ.” ಶಾಲ್ಮಲಾ ಒಂದು ಕಾಗದವನ್ನು ಅವನ ಮುಂದೆ ಸರಿಸಿದರು; ಅದು ಇಂಗ್ಲಿಷಿನಲ್ಲಿದೆ ಎಂದು ನೆನಪಾಗಿ ತಾವೇ ಹೇಳಿದರು. ಹೋದ ವಾರ ಒಂದು ಊರಿನಲ್ಲಿ, ಆ ಏಳು-ಏಳೂವರೆ ನಡುವೆ, ತೆರೆದ ಬಾಗಿಲಲ್ಲಿ ಮೌಲಾನ ಬೆನ್ನಿಗೇ ನಿಜವಾದ ಕನ್ನಗಾರ ಒಳಗೆ ಬಂದಿದ್ದ. ನಾನೂರು ಜನರ ರಕ್ತದ ಗುಂಪು ಕಲಸಿಟ್ಟು ಹೋಗಿದ್ದ. ಒಬ್ಬ ಬಾಣಂತಿಗೆ ಬೇರೆ ಗುಂಪಿನ ರಕ್ತ ಏರಿಸುವುದರಲ್ಲಿದ್ದರು. ಹಳೇ ಕಾಲದ ನರ್ಸಮ್ಮ ಒಬ್ಬಳು ಕಂಪ್ಯೂಟರ್ ನಂಬದೆ ಮತ್ತೊಮ್ಮೆ ಪರೀಕ್ಷೆ ಮಾಡಿದ್ದಕ್ಕೆ ತಾಯಿ ಉಳಿದಳು.

“ಹುಡುಗರ ಕೈಯಿಂದ ತಗದು ಹಾಕ್ರಿ ಹಂಗಾರ.”

“ತಗದ್ರ ಸೋಮವಾರ ನಿಮ್ಮ ಕೈಯಿಂದ ಮತ್ತ ಇಳಿತದ. ತಗಿಯೋದು ಆದ್ರ ಮೂಲದಾಗ ತಗಿಬೇಕು.” ಅವರು ಕಾಗದವನ್ನು ಮಡಚಿದರು. “ಗರಿಕಿ ಕಿತ್ತರ ಮಣ್ಣೂ ಬರ್ತದ, ಅಜ್ಜಾರ. ಆ ರೂಢಿ ಬೇರು ಎಲ್ಲೀತನ ಇಳದದೋ ಅಲ್ಲೀತನಕ ನೆನಪೂ ಹೋಗ್ತದ. ಆ ಸಂಜಿ ಹೋಗ್ತದ, ಠಾಣೆ ಹೋಗ್ತದ. ಮೌಲಾಸಾಬನೂ ಹೋಗ್ತಾನ. ನಿಮಗ ಬ್ಯಾಡಾದ್ರ ನಾ ಗವಸನ್ನ ನಿಲ್ಲಸ್ತೀನಿ. ಮೂವತ್ತಾರು ಮಂದಿ ಪುಸ್ತಕ ನೋಡಿಕೋತ ಬಾಗಲಾ ಕಾಯಲಿ.”

“ಪುಸ್ತಕ ನೋಡೂದರಾಗ ಕಳ್ಳ ಬಂದು ಹೋಗಿರ್ತಾನಲ್ರಿ.”

“ಹೌದು.”

ಫಕ್ಕೀರಪ್ಪ ಮೂರು ದಿನ ಕೇಳಿಕೊಂಡ. ಎರಡು ದಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತ. ಮೂರನೆಯ ದಿನ ಬಸ್ಸು ಹತ್ತಿ ಮೌಲಾಸಾಬನ ಮನೆಗೆ ಹೋದ. ಹನ್ನೊಂದು ವರ್ಷದಲ್ಲಿ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ಮೌಲಾಸಾಬನ ಹೆಂಡತಿ ಹುಸೇನಬಿ ಅಂಗಳದಲ್ಲಿ ಗಾದಿಗೆ ಹತ್ತಿ ತುಂಬುತ್ತ ಕುಳಿತಿದ್ದಳು. ಕೂದಲು ಯಾವುದು, ಹತ್ತಿ ಯಾವುದು ತಿಳಿಯದಷ್ಟು ಬೆಳ್ಳಗಾಗಿದ್ದಳು.

“ಯಾರದು? ಹಡಪದ ಕಾಕಾನ? ಅಯ್ಯ, ಹಾದಿ ತಪ್ಪಿ ಬಂದ್ರ್ಯಾ?”

“ತಪ್ಪಿದ್ದೆ ಖರೆ. ಈಗ ಸಿಕ್ತು.”

“ಮಣ್ಣಿಗೂ ಬರಲಿಲ್ಲ ಅನ್ನಾಕ ಮಣ್ಣ ಆಗಲಿಲ್ಲ ನಮ್ಮವ್ರದು. ನಲವತ್ತನೇ ದಿನಕ್ಕರ ಬರಬೇಕಿತ್ತು. ಖಿಚಡಿ ಮಾಡಿ ನಿಮಗಂತ ಒಂದು ತಾಟು ಎತ್ತಿಟ್ಟಿದ್ದೆ. ನಾಯಿಗೆ ಹಾಕಿದೆ.”

ಅವಳು ಬಯ್ಯುತ್ತಲೇ ಎದ್ದು ಚಹಾ ಇಟ್ಟಳು. ಫಕ್ಕೀರಪ್ಪ ಹೇಳಬೇಕೆಂದು ಬಂದ ಮಾತು ಒಂದೇ: ಬಾಗಿಲು ಮುಚ್ಚಿದವನು ನಾನು. ನಾಲ್ಕು ಸಲ ಆ ಮಾತು ಗಂಟಲಿಗೆ ಬಂತು. ನಾಲ್ಕು ಸಲವೂ ಚಹಾದ ಜೊತೆ ಕೆಳಗಿಳಿಯಿತು. ಕೊನೆಗೆ ಬೇರೆಯೇ ಕೇಳಿದ.

“ನಾ ಅವನನ್ನ ಮರತ್ರ ನಿಮಗ ಕೆಟ್ಟ ಅನಸ್ತೈತೇನು, ವೈನಿ? ಡಾಕ್ಟರು ಮರಸ್ತೀನಿ ಅಂತಾರ. ದಿನಾ ಸಂಜಿಕ್ಕ ನನ್ನ ಮಿಷನ್ನಿಗೆ ಬರ್ತಾನಂತ ತಿಳದಿದ್ದೆ.”

ಹುಸೇನಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹನ್ನೊಂದು ವರ್ಷ ಹಾಸಿಗಿ ಹಾಸಿ ಕುಂತೀನಿ. ನನ್ನ ಮನಿಗೆ ಬರಲಾರದವ ನಿಮ್ಮ ಮಿಷನ್ನಿಗೆ ಬರ್ತಾನ? ಒಳ್ಳೆ ಹೇಳತೀರಿ.” ಮತ್ತೆ ಹತ್ತಿಗೆ ಕೈಹಾಕಿದಳು. ಎರಡು ಹಿಡಿ ತುಂಬಿದ ಮೇಲೆ ದನಿ ಇಳಿಯಿತು. “ಮರೀರಿ ಕಾಕಾ. ನಿಮ್ಮ ಮಾರಿ ನೋಡಿದ್ರ ನೀವ ಮುಳಗಿದಂಗ ಕಾಣತೀರಿ. ನೆನಪು ಇಡಾಕ ನಾ ಒಬ್ಬಾಕಿ ಸಾಕು.”

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೊತ್ತು ಮುಳುಗಿತು. ಫಕ್ಕೀರಪ್ಪನ ಎಡಗೈ ಜೇಬಿನೊಳಗೆ ತಾನಾಗಿ ಅಲುಗಿತು. ಈ ಸಲ ಅವನು ಅದನ್ನು ನೋಡಿದ. ತಡೆಯಲಿಲ್ಲ. ತಟ್ಟಿ ಮುಗಿಯುವವರೆಗೆ ರಸ್ತೆಯ ಬದಿಗೆ ನಿಂತ.

ಫಕ್ಕೀರಪ್ಪ ಒಪ್ಪಿದ ಮೇಲೆ ಆ ರೂಢಿಯ ಕಳೆ ತೆಗೆಯುವುದಕ್ಕೆ ಹನ್ನೆರಡು ದಿನ ಹಿಡಿಯಿತು. ನೋವೇನೂ ಇರಲಿಲ್ಲ. ದಿನವೂ ಬೆಳಗ್ಗೆ ಗವಸು ತೊಟ್ಟು ಮಲಗುವುದು, ಎದ್ದಾಗ ಬಾಯಿ ಒಣಗಿರುವುದು, ಅಷ್ಟೇ. ಆರನೆಯ ದಿನದ ಹೊತ್ತಿಗೆ ಫಕ್ಕೀರಪ್ಪನಿಗೆ ಮೈ ಹಗುರೆನಿಸಿತು. ಎಂಟನೆಯ ದಿನ, ತಾನು ಈಚೆಗೆ ಯಾವುದೋ ಮನೆಯ ಅಂಗಳದಲ್ಲಿ ಚಹಾ ಕುಡಿದದ್ದು ನೆನಪಾಯಿತು. ಆ ಹೆಣ್ಣುಮಗಳು ಯಾರು, ಏಕೆ ಹೋಗಿದ್ದೆ ಎಂಬುದು ಮಾತ್ರ ತಿಳಿಯಲಿಲ್ಲ. ಹತ್ತಿ ಬೆಳ್ಳಗಿತ್ತು ಎಂಬುದಷ್ಟೇ ಉಳಿದಿತ್ತು. ಹನ್ನೆರಡನೆಯ ದಿನದ ಸಂಜೆ ಏಳಕ್ಕೆ ಅವನ ಬಲಗೈ ಕೀಲಿ ಒತ್ತಿ ಬಾಗಿಲು ಮುಚ್ಚಿತು. ಎಡಗೈ ತೊಡೆಯ ಮೇಲೆ, ಮಲಗಿದ ಬೆಕ್ಕಿನ ಹಾಗೆ, ಸುಮ್ಮನೆ ಇತ್ತು. ಮುಂದಿನ ಸೋಮವಾರ ಮೂವತ್ತಾರು ಊರುಗಳಲ್ಲಿಯೂ ಏಳಕ್ಕೆ ಬಾಗಿಲು ಮುಚ್ಚಿತು. ಯಾರೂ ಬರಲಿಲ್ಲ. ಅನ್ನಪೂರ್ಣಿ ಮಾತ್ರ ಏಳು ಒಂಬತ್ತರವರೆಗೆ ಎದ್ದು ಹೋಗದೆ ಕುಳಿತಿದ್ದಳು. ಅವಳು ಕಥೆಯನ್ನು ಕಿವಿಯಿಂದ ಕೇಳಿದ್ದಳು, ಅದು ಗವಸಿನಿಂದ ಬಂದದ್ದಲ್ಲ, ಗವಸಿನಿಂದ ಹೋಗುವುದೂ ಅಲ್ಲ.

ಒಂದು ಪರೀಕ್ಷೆ ಉಳಿದಿತ್ತು. ಬೇರು ಪೂರ್ತಿ ಬಂದಿದೆಯೋ, ತುಂಡಾಗಿ ಒಳಗೆ ಉಳಿದಿದೆಯೋ ತಿಳಿಯಲು ಡಾಕ್ಟರಿಗೆ ಇದ್ದದ್ದು ಒಂದೇ ದಾರಿ: ಗವಸು ತೊಡಿಸಿ, ಆ ಕಥೆಯನ್ನು ಅವನಿಗೇ ಹೇಳುವುದು. ಬೇರು ಉಳಿದಿದ್ದರೆ ಯಂತ್ರದ ಮುಳ್ಳು ಅಲುಗುತ್ತದೆ. ಡಾಕ್ಟರು ಯಂತ್ರ ನೋಡಬೇಕು, ಕಥೆ ಹೇಳಲು ಉಳಿದವಳು ಅನ್ನಪೂರ್ಣಿ ಒಬ್ಬಳೇ.

ಅವತ್ತು ಮಧ್ಯಾಹ್ನ ನಾಲ್ಕರ ಬಿಸಿಲು ಕಿಟಕಿಯಿಂದ ಚಾಪೆಯ ಮೇಲೆ ಬಿದ್ದಿತ್ತು. ಫಕ್ಕೀರಪ್ಪ ಗವಸು ತೊಟ್ಟು, ಕಾಲು ಚಾಚಿ, ಆರಾಮಾಗಿ ಕುಳಿತಿದ್ದ. ಈ ಹುಡುಗಿ ಏಕೆ ಇಷ್ಟು ಗಂಭೀರವಾಗಿದ್ದಾಳೆ ಎಂದು ಅವನಿಗೆ ಅನಿಸಿತು. ಮದುವೆಯ ಮಾತು ಎಲ್ಲೋ ಮುರಿದಿರಬೇಕು.

“ಒಂದು ಕಥಿ ಹೇಳ್ತೀನಜ್ಜಾ. ಹೂಂ ಅನ್ನಬೇಕು.”

“ಹೇಳವ್ವಾ. ಕಥಿಗೆ ಹೂಂ ಅನ್ನಲಾರದ ಏನ ಮಾಡ್ಲಿ.”

“ಇಬ್ಬರು ಗೆಳ್ಯಾರಿದ್ರು. ಒಬ್ಬಂವ ಹೊಳಿ ನಡುಗಡ್ಡ್ಯಾಗ ಇದ್ದ. ಇನ್ನೊಬ್ಬಂವ ಸರ್ವರ್ ಕಾಯ್ತಿದ್ದ.”

“ಹೂಂ. ನನ್ನಂಗ.”

ಅನ್ನಪೂರ್ಣಿ ಮುಂದುವರಿಸಿದಳು. ಹೆಸರು ಹೇಳಲಿಲ್ಲ. ಉಳಿದದ್ದನ್ನೆಲ್ಲ ಹೇಳಿದಳು. ತಡವಾಗಿ ಬರುವ ನಮಾಜು, ತೆರೆದಿಟ್ಟ ಬಾಗಿಲು, ಗಡ್ಡದವನ ಚೇಷ್ಟೆ. ಅಲ್ಲಿ ಫಕ್ಕೀರಪ್ಪ ಜೋರಾಗಿ ನಕ್ಕ. ಕಥೆಯಲ್ಲಿ ಬೆನ್ನ ಹಿಂದೆ ನಿಂತ ಸಾಹೇಬರು ಬಂದಾಗ ನಗು ನಿಂತಿತು. ಏಳು ಒಂಬತ್ತು. ಏಳು ಹತ್ತು. ಹೂಂಗುಟ್ಟುವುದನ್ನು ಅವನು ಮರೆತ.

“ನಾಕು ಸಲ ತಟ್ಟಿದ್ನಾ?”

“ನಾಕು ಸಲ.”

ಮುಳ್ಳು ಅಲುಗಲಿಲ್ಲ. ಶಾಲ್ಮಲಾ ಅನ್ನಪೂರ್ಣಿಗೆ ಕಣ್ಣಿನಲ್ಲೇ ಸಾಕು ಎಂದರು. ಬೇರು ಚೊಕ್ಕವಾಗಿ ಬಂದಿತ್ತು. ಅವರು ಗವಸು ಬಿಚ್ಚಲು ಮುಂದೆ ಬಂದಾಗ ಫಕ್ಕೀರಪ್ಪ ಕೈ ಹಿಂದೆಳೆದುಕೊಂಡ. ಅವನ ಕಣ್ಣಿನಲ್ಲಿ ನೀರಿತ್ತು.

“ತಡೀರಿ ಅಕ್ಕಾರ. ಕಥಿ ಮುಗೀಲಿ. ಆ ಬಾಗಲಾ ಹಾಕಿದವ ಏನಾದ?”

ಅನ್ನಪೂರ್ಣಿ ಡಾಕ್ಟರ ಮುಖ ನೋಡಿದಳು. “ಅದಾನಜ್ಜಾ. ಹನ್ನೊಂದು ವರ್ಷ ಆತು. ನನ್ನ ತಪ್ಪು ಅಂತ ಒಳಗೊಳಗ ಸುಟಗೊಂಡು ಅದಾನ. ಯಾರಿಗೂ ಹೇಳಿಲ್ಲ.”

“ಅಂವಂದೇನು ತಪ್ಪು?” ಫಕ್ಕೀರಪ್ಪ ಎದ್ದು ಕುಳಿತ. “ಬೆನ್ನಾಗ ಸಾಹೇಬ ನಿಂತಿದ್ನಂತ ನೀನ ಹೇಳಿದ್ಯಲ್ಲ. ಒತ್ತಿದ್ದು ಇವನ ಬೆರಳು ಖರೆ, ಒತ್ತಿಸಿದ್ದು ಇಂವಲ್ಲ. ಮತ್ತ ಆ ಹೊಳ್ಯಾಗಿನವನೂ ಇವನ ಮ್ಯಾಲೆ ಸಿಟ್ಟಾಗಿರಂಗಿಲ್ಲ. ಸಿಟ್ಟಾದವ ಒಮ್ಮೆ ತಟ್ಟಿ ಬಿಡ್ತಾನವ್ವಾ. ನಾಕು ಸಲ ತಟ್ಟತಾನಂದ್ರ, ಒಳಗ ನನ್ನವ ಅದಾನ ಅಂತ ನಂಬಿಗಿ ಇದ್ದವ. ಆ ನಂಬಿಗಿ ಹಿಡಕೊಂಡ ಹೋಗ್ಯಾನ. ಒಬ್ಬನ ಹೋಗಿಲ್ಲ.” ಅವನು ರುಮಾಲಿನ ತುದಿಯಿಂದ ಮೂಗು ಒರಸಿಕೊಂಡ. “ಇಷ್ಟು ಮಾತು ಯಾರರ ಅವಗ ಹೇಳ್ಯಾರೇನು?”

“ಇಲ್ಲಜ್ಜಾ.”

“ಹನ್ನೊಂದು ವರ್ಷ? ಒಬ್ಬರೂ?” ಅವನಿಗೆ ನಿಜವಾಗಿಯೂ ಸಿಟ್ಟು ಬಂತು. “ಎಂಥಾ ಮಂದಿ ನೀವು! ಕಲತವ್ರು ಬ್ಯಾರೆ.”

ಗವಸುಗಳನ್ನು ತಾನೇ ಕಿತ್ತು ಚಾಪೆಯ ಮೇಲೆ ಹಾಕಿದ. ಗೋಡೆ ಹಿಡಿದು ಎದ್ದು, ಬಾಗಿಲ ಹತ್ತಿರ ಹೋಗಿ, ಕಾಲಿನಿಂದ ತಡಕಾಡಿ ಚಪ್ಪಲಿ ಮೆಟ್ಟಿದ. ಅನ್ನಪೂರ್ಣಿ ಕುಳಿತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಡಾಕ್ಟರು ಯಂತ್ರದ ಕಡೆಗೆ ತಿರುಗಿ ನಿಂತಿದ್ದರು. ಅವರ ಭುಜ ಅಲುಗುತ್ತಿತ್ತು. ಒಂದು ಕಥೆಗೆ ಇವರು ಇಷ್ಟೇಕೆ ಅಳುತ್ತಾರೆ ಎಂದು ಫಕ್ಕೀರಪ್ಪನಿಗೆ ತಿಳಿಯಲಿಲ್ಲ. ಅಳಬೇಕಾದವನು ಬೇರೆಲ್ಲೋ ಕುಳಿತಿದ್ದಾನೆ.

“ಏಳವ್ವಾ, ದಾರಿ ತೋರಸು. ಯಾವೂರವ ಅಂವ?” ಎಂದ. “ಲಗೂನ ನಡಿ. ಹೊತ್ತು ಮುಳುಗೂದರಾಗ ಮುಟ್ಟಬೇಕು. ಅಂಥ ಮನುಷ್ಯಾ ಸಂಜಿಕ್ಕ ಒಬ್ಬನ ಕುಂದರಬಾರದು.”